ಹಡರ್ಸ್‌ಫೀಲ್ಡಿನಲ್ಲಿ ಅಮೆರಿಕದ ಮತದಾರರ ಪರೀಕ್ಷೆ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಒಂದು ಶಾಲೆಯಲ್ಲಿ ನಾನು ಇತಿಹಾಸದ ಟೀಚರ್. ಆ ವರ್ಷ ಅಮೆರಿಕದ ಕಪ್ಪು ಜನರ ಮತದಾನದ ಹೋರಾಟವನ್ನು ಕಲಿಸಬೇಕಿತ್ತು. ಪಠ್ಯಪುಸ್ತಕದ ಆ ಅಧ್ಯಾಯ ಓದಿದರೆ ನನಗೇ ಆಕಳಿಕೆ. ಹಾಗಾಗಿ ಅಮೆರಿಕದ ಒಂದು ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದ್ದ ಪಾಠಯೋಜನೆಯನ್ನು ಪ್ರಿಂಟ್ ಹಾಕಿಕೊಂಡೆ.

ಕಪ್ಪು ಜನ ಓಟು ಹಾಕದಂತೆ ತಡೆಯಲು ಅಲ್ಲಿ ಕೊಡುತ್ತಿದ್ದಂಥ ಪರೀಕ್ಷೆಯನ್ನು ಮಕ್ಕಳಿಗೆ ಕೊಡಬೇಕು. ಹತ್ತು ನಿಮಿಷಕ್ಕೆ ಮೂವತ್ತು ಪ್ರಶ್ನೆ, ಯಾವ ಉತ್ತರ ಬರೆದರೂ ತಪ್ಪೆನ್ನಬಹುದಾದಂಥವು. 'ಪ್ರಜೆಯಾಗುವ ಯೋಗ್ಯತೆಯ ಪರೀಕ್ಷೆ' ಎಂದಷ್ಟೇ ಹೇಳಬೇಕು. ಟೀಚರು ತಮಗೆ ತೋಚಿದ ಐದು ಮಂದಿಯನ್ನು ಪಾಸು ಮಾಡಿ, ಉಳಿದವರನ್ನು ಫೇಲು ಮಾಡಿ, ಅದೇ ಪೀರಿಯಡ್‌ನಲ್ಲಿ ಗುಟ್ಟು ಬಿಚ್ಚಿಡಬೇಕು. 'ಅದೇ ಪೀರಿಯಡ್‌ನಲ್ಲಿ' ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು.

ನಾನು ಮೇಷ್ಟ್ರಗಿರಿ ಕಲಿತದ್ದು ಮೈಸೂರಿನಲ್ಲಿ. ಒಬ್ಬೊಬ್ಬರನ್ನೂ ಎಬ್ಬಿಸಿ, ಅಂಕವನ್ನು ಗಟ್ಟಿಯಾಗಿ ಓದಿ, ಎರಡು ಮಾತು ಬೈದು ಕೂರಿಸುವುದು ಅಲ್ಲಿನ ರೂಢಿ. ಇಲ್ಲಿ ಹಾಗೆ ಮಾಡಿದರೆ ಕೆಲಸಕ್ಕೇ ಸಂಚಕಾರ. ಅಂದು ಮಾತ್ರ ನಾಟಕವಲ್ಲವೇ, ಲೈಸೆನ್ಸ್ ಸಿಕ್ಕಂತಾಯಿತು. ಇಪ್ಪತ್ತೆಂಟು ಮಂದಿಯನ್ನೂ ಎಬ್ಬಿಸಿದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಅವರಲ್ಲಿ ಕನ್ನಡದವಳು ಒಬ್ಬಳೇ, ಧಾರವಾಡದ ಕಡೆಯ ಹುಡುಗಿ. ಅವಳ ತಾಯಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸಕ್ಕಿದ್ದರು. ಈ ದೇಶದಲ್ಲಿ ಖಾಯಂ ನೆಲೆಸಲು ಬರೆಯಬೇಕಾದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ವೀಸಾ ಮುಗಿಯುವುದರೊಳಗೆ ಪಾಸಾಗದಿದ್ದರೆ ತಾಯಿ, ಮಗಳು ಇಬ್ಬರೂ ಗಂಟುಮೂಟೆ ಕಟ್ಟಬೇಕು. ಇದೆಲ್ಲ ನನಗೆ ಗೊತ್ತಿತ್ತು. ಪಾಸಾಗುವ ಐವರಲ್ಲಿ ಮೊದಲು ನೆನಪಾದದ್ದೂ ಅವಳ ಹೆಸರೇ. ನಮ್ಮವಳೆಂದು ಪಕ್ಷಪಾತ ಮಾಡಿದೆ ಎಂದಾರೆಂದು ಕೈಬಿಟ್ಟೆ. ನಮ್ಮವರಿಗೆ ಬೈಗುಳ ಒಂದು ಹಿಡಿ ಜಾಸ್ತಿಯೇ ಇರಬೇಕು, ನಾನು ಬೆಳೆದದ್ದು ಹಾಗೆ. "ಇಷ್ಟೂ ಬರಲ್ವಾ ನಿಂಗೆ? ಕೂತ್ಕೋ" ಎಂದು ಅವಳಿಗೆ ಕನ್ನಡದಲ್ಲೇ ಗದರಿದೆ. ಕೊನೆಯವನ ಅಂಕ ಓದುವಷ್ಟರಲ್ಲಿ ಬೆಲ್ ಹೊಡೆಯಿತು. ಮಾರನೆಯ ದಿನದಿಂದ ಒಂದು ವಾರ ಹಾಫ್ ಟರ್ಮ್ ರಜೆ. ರಜೆ ಮುಗಿಸಿ ಬಂದ ಮೇಲೆ ಗುಟ್ಟು ಹೇಳಿದರಾಯಿತು, ಓಡಿಹೋಗುತ್ತದೆಯೇ ಎಂದುಕೊಂಡೆ.

ರಜೆ ಮುಗಿದ ಮೊದಲ ಸಂಜೆಯೇ, ಆ ಕ್ಲಾಸಿನ ಪೀರಿಯಡ್ ಬರುವ ಮುಂಚೆಯೇ, ಅಪ್ಪ-ಅಮ್ಮಂದಿರು ಟೀಚರನ್ನು ಕಾಣುವ ಪೇರೆಂಟ್ಸ್ ಈವ್ನಿಂಗ್. ತಾಯಿ ಕೇರ್ ಹೋಮಿನ ಯೂನಿಫಾರ್ಮಿನಲ್ಲೇ ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಮೂವತ್ತಕ್ಕೂ ಪೆನ್ಸಿಲಿನಲ್ಲಿ ಉತ್ತರ. ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು.

"ಎಲ್ಲಾದ್ರಾಗೂ ಫಸ್ಟ್ ಬರೋ ಹುಡುಗಿ ಇದ್ರಾಗ ಫೇಲ್ ಆಗ್ಯಾಳ್ರಿ ಮೇಡಂ. ಪ್ರಜಾ ಆಗೂ ಪರೀಕ್ಷಿ ಅಂತ ನೀವ ಹೇಳೀರಂತ. ನಂದೂ ಅದ ಐತಲ್ರಿ. ಅದಕ್ಕ ನನ್ನ ಪುಸ್ತಕ ಬದಿಗಿಟ್ಟು ವಾರಪೂರ್ತಿ ಇದನ್ನ ಕುಂತು ಮಾಡೇನಿ. ಎಲ್ಲೆಲ್ಲಿ ತಪ್ಪಾಗೇದ, ಸ್ವಲ್ಪ ಹೇಳ್ರಿ. ನಾಳೆ ಮುಂಜಾನೆ ಐತಿ ಪರೀಕ್ಷಿ."

ಮ್ಯೂಸಿಯಂ, ಅಮೆರಿಕ, ಓಟು, ಎಲ್ಲವನ್ನೂ ತಡವರಿಸುತ್ತ ವಿವರಿಸಿದೆ. ಇದಕ್ಕೂ ನಿಮ್ಮ ಪರೀಕ್ಷೆಗೂ ಸಂಬಂಧವಿಲ್ಲ, ಇದಕ್ಕೆ ಸರಿ ಉತ್ತರವೇ ಇಲ್ಲ, ನನ್ನಿಂದ ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ, ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರ ಇದ್ರಾಗ ಯಾರೂ ಪಾಸ್ ಆಗೂದಿಲ್ಲೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಮಗಳು ಹೇಳಿದಳು: "ಐದು ಮಂದಿ ಪಾಸ್ ಆದ್ರವ್ವ. ಮಿಸ್ ಆರಿಸಿದ್ರು."

ಎದ್ದು ನಿಂತು ತಾಯಿಯ ಚೀಲವನ್ನು ಹೆಗಲಿಗೇರಿಸಿಕೊಂಡಳು. "ಏಳವ್ವ, ಹೋಗೂಣು. ಇನ್ನೂ ನಿನ್ನ ಪುಸ್ತಕ ಓದೂದೈತಿ."