ಎಡಗೈ ತುತ್ತು

ಹೋದ ವರ್ಷ ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಡೆದ ಸಂಗತಿ ಇದು. ನಮ್ಮ ಶಹಾಪುರದ ರಸ್ತೆಯ ತುಂಬ ಹತ್ತಿ ತುಂಬಿದ ಗಾಡಿಗಳು, ಈ ಕಡೆಯಿಂದ ಆ ಕಡೆ ದಾಟುವಷ್ಟರಲ್ಲಿ ಸಾಕುಸಾಕಾಗುವ ಕಾಲ. ಒಬ್ಬ ಹುಡುಗಿಯ ಮೇಲಿನ ನನ್ನ ಹೊಟ್ಟೆಕಿಚ್ಚಿನಿಂದ ಒಂದು ದಿನ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಕ್ಕೇ ಬೀಗ ಬೀಳುವುದರಲ್ಲಿತ್ತು.

ನನ್ನ ಮಗ ಶರಣುವಿಗೆ ಇಪ್ಪತ್ತು ದಾಟಿದೆ. ಹುಟ್ಟಿನಿಂದಲೇ ಬಲಗೈ, ಬಲಗಾಲು ಸೆಟೆದುಕೊಂಡಿವೆ. ಮಾತು ಅಷ್ಟಕ್ಕಷ್ಟೆ. ನಾನು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಎಷ್ಟೇ ಕೆಲಸವಿರಲಿ, ಅವನಿಗೆ ತುತ್ತು ಮಾಡಿ ಉಣಿಸಿದ ಮೇಲೆಯೇ ನನ್ನ ಊಟ. ಅವನ ಎಡಗೈ ನೆಟ್ಟಗಿತ್ತು, ನಿಜ. ಆದರೆ ಎಡಗೈಯಿಂದ ಯಾರಾದರೂ ಅನ್ನ ಮುಟ್ಟುತ್ತಾರೆಯೇ? ಚಿಕ್ಕವನಿದ್ದಾಗ ತಾಟಿಗೆ ಎಡಗೈ ಹಾಕಿದರೆ ಪಟ್ಟನೆ ಒಂದು ಏಟು ಕೊಡುತ್ತಿದ್ದೆ. ಆಮೇಲೆ ಏಟಿನ ಅಗತ್ಯವೇ ಬೀಳಲಿಲ್ಲ. ಉಣ್ಣಲು ಕೂತರೆ ಸಾಕು, ಎಡಗೈಯನ್ನು ತಾನೇ ತೊಡೆಯ ಕೆಳಗೆ ಒತ್ತಿಕೊಂಡು ಬಾಯಿ ತೆರೆಯುತ್ತಿದ್ದ.

ನಮ್ಮ ಓಣಿಯ ಆಚೆ ಗುರುಬಸಪ್ಪ ಮಾಸ್ತರು ನಿವೃತ್ತರಾದ ಮೇಲೆ ಇಂಥ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ತೆರೆದರು. ಎಲ್ಲರ ಹಾಗೆ ನಾನೂ ಶರಣುವನ್ನು ಸೇರಿಸಿದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದವಳೇ ಮಾಳಮ್ಮ. ಹತ್ತಿರದ ಸಗರ ಊರಿನ ಕುರಿ ಕಾಯುವವರ ಮನೆಯ ಹುಡುಗಿ. ಯಾದಗಿರಿಯಲ್ಲಿ ತರಬೇತಿ ಮುಗಿಸಿ, ದಿನಾ ಬಸ್ಸಿಗೆ ಬರುತ್ತಿದ್ದಳು.

ನನ್ನನ್ನು 'ಅವ್ವ' ಅನ್ನಲು ಆರು ವರ್ಷ ತೆಗೆದುಕೊಂಡ ಮಗ, ಅವಳನ್ನು 'ಮಾಳಿ' ಅನ್ನಲು ಒಂದು ವಾರವನ್ನೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ನಾನು ತಲೆ ಬಾಚುವ ಮೊದಲೇ ಬಾಗಿಲಲ್ಲಿ ನಿಲ್ಲತೊಡಗಿದ. ಮನೆಯಲ್ಲಿ ಅರ್ಧ ರೊಟ್ಟಿಗೇ ಸಾಕೆನ್ನುವವನ ಡಬ್ಬಿ ಕೇಂದ್ರದಿಂದ ಖಾಲಿಯಾಗಿ ಬರುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಈ ಮಾಳಮ್ಮನನ್ನು ಕಂಡಿರಲಿಲ್ಲ ಅನ್ನಿಸುತ್ತಿತ್ತು. ಅವಳ ಜಡೆ, ಅವಳ ನಗು, ಅವಳು 'ಬಾರೋ ನನ್ನಪ್ಪಾ' ಎಂದು ಕರೆಯುವ ಧಾಟಿ, ಎಲ್ಲ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಅವಳು ಹಿಗ್ಗಿನಿಂದ ಹೇಳಿದಳು. "ಅಕ್ಕಾರ, ಶರಣು ತಾನಾ ಉಣ್ಣಾಕತ್ಯಾನ್ರಿ."

"ನನ್ನ ಮುಂದ ಉಣ್ಣಲಾರದಾಂವ ನಿನ್ನ ಮುಂದ ಉಣ್ತಾನೇನು?" ಎಂದು ಮುಖ ತಿರುಗಿಸಿ ಬಂದೆ. ಮನೆಯಲ್ಲಿ ತಾಟು ಅವನ ಮುಂದಿಟ್ಟು ನೋಡಿದೆ. ಯಾವಾಗಿನಂತೆ ಸುಮ್ಮನೆ ಬಾಯಿ ತೆರೆದ. ಹುಡುಗಿ ಸುಳ್ಳು ಹೇಳುತ್ತಾಳೆ ಎಂದು ಖಾತ್ರಿಯಾಯಿತು. ಆ ರಾತ್ರಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಂದು ರೊಟ್ಟಿ ಹೆಚ್ಚಿಗೆ ಉಂಡೆ.

ಆಮೇಲೆ ಕೇಂದ್ರದ ನೋಂದಣಿ ನವೀಕರಣಕ್ಕೆ ತಪಾಸಣೆಯ ದಿನ ಬಂತು. ಮಕ್ಕಳ ಮನೆಯವರೂ ಹಾಜರಿರಬೇಕೆಂಬ ನಿಯಮ. ಯಾದಗಿರಿಯಿಂದ ಬಂದ ಅಧಿಕಾರಿ ಮೇಡಂ ಬಾಗಿಲ ಇಳಿಜಾರು, ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಕಂಬಿ, ಔಷಧಿಯ ಕಪಾಟು ಎಲ್ಲ ನೋಡಿದರು. ಕೊನೆಗೆ, ಮಕ್ಕಳು ಏನೇನು ಕಲಿತಿದ್ದಾರೆಂದು ಕೇಂದ್ರದವರು ಬರೆದುಕೊಟ್ಟಿದ್ದಾರೋ ಅದನ್ನು ಮನೆಯವರ ಎದುರಿಗೇ ಕಣ್ಣಾರೆ ನೋಡಬೇಕು ಅಂದರು. ಬರೆದದ್ದೊಂದು, ಇರುವುದೊಂದು ಆದರೆ ನೋಂದಣಿ ಇಲ್ಲ ಎಂದೂ ಹೇಳಿದರು. ನೋಂದಣಿ ಇಲ್ಲದಿದ್ದರೆ ಕೇಂದ್ರ ಮುಚ್ಚಿದಂತೆಯೇ. ಮತ್ತೆ ಇಂಥ ಜಾಗ ಬೇಕೆಂದರೆ ಕಲಬುರಗಿಗೆ ಹೋಗಬೇಕು.

ಮೊದಲು ಶರಣುವಿನ ಹೆಸರೇ ಬಂತು. "ಇವ್ನು ತಾನಾ ಊಟ ಮಾಡ್ತಾನಂತ ಬರದಾರ. ಹೌದೇನಮ್ಮ?" ಎಂದು ಮೇಡಂ ನನ್ನನ್ನು ಕೇಳಿದರು.

"ಇಲ್ರಿ," ಅಂದೆ. "ಹುಟ್ಟಿದಾಗಿಂದ ನಾನಾ ಉಣಸ್ತೀನ್ರಿ." ಮಾಳಮ್ಮನ ಮುಖ ಸಣ್ಣದಾಯಿತು. ಸುಳ್ಳೇಕೆ, ನೋಡಿ ನನಗೆ ಖುಷಿಯಾಯಿತು.

ತಾಟು ತರಿಸಿದರು. ಶರಣು ಅದನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ತೆರೆದ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಹಿಂಗ ಸುಳ್ಳು ಬರದ್ರ ಹೆಂಗ್ರಿ ಮಾಸ್ತರ?" ನನ್ನ ಪಕ್ಕದಲ್ಲಿ ಕೂತಿದ್ದ ಹಸೀನಾಬೀ ನನ್ನ ಸೆರಗು ಹಿಡಿದುಕೊಂಡಳು. ಅವಳು ಹತ್ತಿ ಬಿಡಿಸಲು ಹೋಗುವ ಹೆಂಗಸು. ಈ ಕೇಂದ್ರ ಆಗುವ ಮೊದಲು ಮಗಳನ್ನು ಮನೆಯೊಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು ಹೊಲಕ್ಕೆ ಹೋಗುತ್ತಿದ್ದಳು.

ಮಾಳಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು. "ಅಕ್ಕಾರ, ನೀವು ಒಂಚೂರು ಹೊರಗ ಹೋಗ್ರಿ. ಉಣ್ತಾನ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ಉಣ್ಣಬೇಕಾದರೆ ನಾನು ಹೊರಗೆ ಹೋಗಬೇಕೇ? "ಯಾಕ ಹೋಗ್ಬೇಕು?" ಎಂದು ಜೋರಾಗಿಯೇ ಕೇಳಿದೆ.

"ಅಂವ ಎಡಗೈಲೆ ಉಣ್ತಾನ್ರಿ. ನಿಮ್ಮ ಮುಂದ ಅಂಜ್ತಾನ. ಎಡಗೈ ಅಂತ ಹೇಳಿದ್ರ ನೀವು ಬಿಡಸ್ತೀರಂತ ಅದನ್ನ ಹೇಳಿದ್ದಿಲ್ಲ."

ಮನೆಯವರು ಹೊರಗೆ ಹೋಗುವಂತಿಲ್ಲ ಎಂದು ಹೇಳಿ ಮೇಡಂ ಆಗಲೇ ಹೊರಡಲು ಎದ್ದು ನಿಂತರು. ಮಾಳಮ್ಮನ ಕಣ್ಣಲ್ಲಿ ನೀರು. "ಅಕ್ಕಾರ, ದಿನಾ ಮುಂಜಾನೆ ಲಿಂಗಾ ಯಾವ ಕೈಮ್ಯಾಲ ಇಟ್ಕೊಂಡು ಪೂಜಿ ಮಾಡ್ತೀರಿ? ಎಡಗೈಮ್ಯಾಲ ಅಲ್ರಿ? ದೇವ್ರು ಕುಂದ್ರೂ ಕೈಲೆ ಅಂವ ಉಂಡ್ರ ಏನಾತ್ರಿ?"

ಕುರಿ ಕಾಯುವವರ ಮಗಳು ನನಗೆ ಲಿಂಗಪೂಜೆ ಹೇಳಿಕೊಡುತ್ತಾಳೆಯೇ ಎಂದು ಒಂದು ಗಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಲಿಂಗ ಕೂರುವುದು ಎಡಗೈ ಮೇಲೆಯೇ. ಮಗನ ಕಡೆ ತಿರುಗಿದೆ. ಬಾಯಿ ಇನ್ನೂ ತೆರೆದೇ ಇತ್ತು. ತೊಡೆಯ ಕೆಳಗೆ ಎಡಗೈ ಬೆರಳುಗಳು ಮಿಡುಕುತ್ತಿದ್ದವು. ಹಸೀನಾಬೀ ನನ್ನ ಸೆರಗು ಬಿಟ್ಟಿರಲಿಲ್ಲ.

"ಶರಣಾ, ಕೈ ತಗಿ," ಅಂದೆ. ಅವನು ನಂಬಲಿಲ್ಲ, ಇನ್ನಷ್ಟು ಒತ್ತಿಕೊಂಡ. ಕೊನೆಗೆ ನಾನೇ ಆ ಕೈಯನ್ನು ಎಳೆದು ತಾಟಿನ ಮೇಲಿಟ್ಟೆ. "ಉಣ್ಣಪ್ಪಾ. ನಾ ಬೈಯೂದಿಲ್ಲ."

ಸೆಟೆದ ಬಲಗೈಯಿಂದ ರೊಟ್ಟಿಯನ್ನು ಅದುಮಿ ಹಿಡಿದು, ಎಡಗೈಯಿಂದ ಮುರಿದ. ಪುಂಡಿಪಲ್ಯ ಹಚ್ಚಿಕೊಂಡು ಬಾಯಿಗಿಟ್ಟ. ನಡುವೆ ಉಳ್ಳಾಗಡ್ಡಿ ಎತ್ತಿ ಕಚಕ್ಕನೆ ಕಡಿದು ಕಣ್ಣು ಮುಚ್ಚಿಕೊಂಡು ಅಗಿದ. ಅವನಿಗೆ ಉಳ್ಳಾಗಡ್ಡಿ ಇಷ್ಟವೆಂದು ನನಗೆ ಗೊತ್ತೇ ಇರಲಿಲ್ಲ. ಗಂಟಲಿಗೆ ಸಿಕ್ಕೀತೆಂದು ನಾನು ಒಂದು ದಿನವೂ ಕೊಟ್ಟಿರಲಿಲ್ಲ. ಮೇಡಂ ಮತ್ತೆ ಕೂತು ಸಹಿ ಹಾಕಿದರು. ಹಸೀನಾಬೀ ಅಳುತ್ತಿದ್ದಳು. ನಾನೂ ಅತ್ತೆ. ಎಲ್ಲರೂ ಅದನ್ನು ಸಂತೋಷದ ಅಳು ಅಂದುಕೊಂಡರು.

ಈಗ ಮನೆಯಲ್ಲೂ ಶರಣು ತಾನೇ ಉಣ್ಣುತ್ತಾನೆ. ನಾನು ಸತ್ತ ಮೇಲೆ ಇವನಿಗೆ ಉಣಿಸುವವರು ಯಾರಪ್ಪಾ ಎಂದು ಅಬ್ಬೆತುಮಕೂರಿನ ಮಠದಲ್ಲಿ ಎಷ್ಟು ಸಲ ಹಣೆ ಹಚ್ಚಿದ್ದೆನೋ. ಯಾರೂ ಬೇಕಾಗಿಲ್ಲ ಎಂಬ ಉತ್ತರ ನಾನು ಬದುಕಿರುವಾಗಲೇ ಸಿಕ್ಕಿತು. ಮಾಳಮ್ಮನಿಗೆ ಕೈ ಮುಗಿಯಬೇಕು, ಮುಗಿದೂ ಇದ್ದೇನೆ. ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ. ಕೆಲವು ದಿನ ಬೇಕೆಂದೇ ಅವನ ಪಾಲಿನ ರೊಟ್ಟಿಯನ್ನು ಖಡಕ್ಕಾಗಿ ಸುಡುತ್ತೇನೆ. ಮುರಿಯಲಾಗದೆ 'ಅವ್ವ' ಎಂದು ಕರೆದಾನು ಎಂದು ಎದುರಿಗೆ ಕೂತು ಕಾಯುತ್ತೇನೆ. ಅವನು ಕರೆಯುವುದಿಲ್ಲ. ರೊಟ್ಟಿಯನ್ನು ಬ್ಯಾಳಿ ಸಾರಿನಲ್ಲಿ ಅದ್ದಿ, ಮೆತ್ತಗಾಗುವವರೆಗೆ ಸುಮ್ಮನೆ ಕೂತಿರುತ್ತಾನೆ. ಅದನ್ನೂ ಮಾಳಮ್ಮನೇ ಕಲಿಸಿದ್ದಾಳೆ.