ಬಳೆ ಅಂಗಡಿಯ ಕಟ್ಟೆ

ಮೊಮ್ಮಗಳು ಪೇಟೆಯಿಂದ ಖಾರ ಶೇಂಗಾದ ಪೊಟ್ಟಣ ತಂದಿದ್ದಳು. ಬಿಚ್ಚಿದ ಕೂಡಲೇ ಬೆಳ್ಳುಳ್ಳಿ, ಖಾರಪುಡಿ, ಕರಿದ ಎಣ್ಣೆಯ ವಾಸನೆ ಮನೆ ತುಂಬ ಎದ್ದಿತು. ಈ ವಾಸನೆ ಬಂದರೆ ನನಗೆ ನೆನಪಾಗುವುದು ಬಾರು. ನಗಬೇಡಿ. ಅದರ ಒಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ. ಆದರೆ ಅದರ ಮುಂದೆ ನಾನು ಕೂತಷ್ಟು ಹೊತ್ತು ಕುಡುಕರೂ ಒಳಗೆ ಕೂತಿರಲಿಕ್ಕಿಲ್ಲ.

"ನಾಳೆ ಪಂಚಮಿಗೆ ಬಳಿ ಇಡಸಾಕ ಹೊಂಟೇವಿ ಆಯಿ, ಬಾರ್ ಮಗ್ಗಲ ಅಂಗಡಿಗೆ," ಎಂದಳು ಮೊಮ್ಮಗಳು. "ನೀ ಮನ್ಯಾಗ ಇರಬೇಕಂತ. ಅವ್ವ ಹೇಳ್ಯಾಳ."

ಅವಳ ಅವ್ವ ಎಂದರೆ ನನ್ನ ಸೊಸೆ. ಯಾಕೆ ಹಾಗೆ ಹೇಳಿದಳೆಂದು ನನಗೆ ಗೊತ್ತು. ನಮ್ಮ ಯಜಮಾನರು ಹೋದ ಸುಗ್ಗಿಯಲ್ಲಿ ತೀರಿಕೊಂಡರು. ಅಂದಿನಿಂದ ನನ್ನ ಕೈ ಬರಿದು. ಅದಿರಲಿ, ಮೊದಲು ಬಾರಿನದು ಹೇಳಿಬಿಡುತ್ತೇನೆ.

ಅದು ತೊಂಬತ್ತನೇ ಇಸವಿ ದಾಟಿದ ಮೇಲಿನ ಮಾತು. ಹಿರಿಮಗಳನ್ನು ಆಗಷ್ಟೇ ನೇಸರಗಿಗೆ ಕೊಟ್ಟಿದ್ದೆವು. ಬೈಲಹೊಂಗಲದ ಪೇಟೆಯ ನಟ್ಟನಡುವೆ ಬಾರು ತೆರೆಯಿತು. ಮಾಲಕ ಎಂಥ ಜಾಗ ಹಿಡಿದಿದ್ದ ನೋಡಿ! ಮೆಟ್ಟಿಲಿಳಿದು ಎಡಕ್ಕೆ ಹೊರಳಿದರೆ ಕುಪ್ಪಸದ ಖಣದ ಅಂಗಡಿ. ಎದುರಿಗೆ ಹಿಟ್ಟಿನ ಗಿರಣಿ, ಅದರಾಚೆ ಕಾಯಿಪಲ್ಲೆಯ ಸಾಲು. ಬಾರಿನ ಗೋಡೆಗೆ ಗೋಡೆ ಹತ್ತಿ ನೀಲವ್ವನ ಬಳೆ ಅಂಗಡಿ. ಇನ್ನಷ್ಟು ನಡೆದರೆ ಇಂಗ್ಲಿಷರ ಮೇಲೆ ಕತ್ತಿ ಎತ್ತಿದ ರಾಣಿಯ ಸಮಾಧಿ, ಪರ ಊರಿನಿಂದ ಬಂದ ಬೀಗರಿಗೆ ತೋರಿಸಲೇಬೇಕಾದ ಜಾಗ. ಹೆಣ್ಣುಮಕ್ಕಳಿಗೆ ಬೇಕಾದದ್ದೆಲ್ಲ ಆ ಬಾರಿನ ಸುತ್ತಲೇ. ಬೇಡವಾದದ್ದು ಬಾರು ಒಂದೇ.

ಊರು ಏನು ಮಾಡಿತು? ಕುಡಿಯುವವರಿಗೆ ದೊಡ್ಡ ದಾರಿ ಬಿಟ್ಟು ನಮಗೆ ಹಿಂದಿನ ಸಂದಿ ತೋರಿಸಿತು. "ಮರ್ಯಾದಸ್ಥರ ಮನಿ ಹೆಣಮಕ್ಕಳು ಬಾರ್ ಮುಂದ ಹಾಯಬಾರ್ದು," ಎಂದರು ನಮ್ಮತ್ತೆ. ಆ ಸಂದಿ ತುಂಬ ಗಟಾರ, ಹಂದಿ. ಒಮ್ಮೆ ಹಿಟ್ಟಿನ ಡಬ್ಬಿ ಹೊತ್ತವಳು ಜಾರಿ ಬಿದ್ದೆ. ಜೋಳದ ಹಿಟ್ಟು ಮೈಮೇಲೆ ಸುರಿದುಕೊಂಡು ಹಂದಿಯ ಮುಂದೆ ಕೂತಾಗ ನನ್ನ ಮರ್ಯಾದೆ ಎಷ್ಟು ಉಳಿದಿತ್ತೋ ಆ ಹಂದಿಯನ್ನೇ ಕೇಳಬೇಕು. ರಾಣಿಯ ಸಮಾಧಿಯ ಮುಂದೆ ನಿಂತು ಅವಳ ಶೌರ್ಯದ ಭಾಷಣ ಮಾಡುವ ಗಂಡಸರೇ ಮನೆಗೆ ಬಂದು ಹೆಂಡತಿಗೆ ಸಂದಿ ಹಿಡಿಯಲು ಹೇಳುತ್ತಿದ್ದರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಇಷ್ಟು ತಿಳಿಯುತ್ತಿತ್ತು.

ನೀಲವ್ವನ ಅಂಗಡಿಗೆ ಸಂದಿಯ ಕಡೆ ಬಾಗಿಲಿರಲಿಲ್ಲ. ಹೆಂಗಸರು ಬರುವುದು ನಿಂತಿತು. ಆ ಅಂಗಡಿಯನ್ನೂ ತನಗೇ ಕೊಡು ಎಂದು ಬಾರಿನ ಮಾಲಕ ಬೆನ್ನು ಹತ್ತಿದ.

"ಈ ಪಂಚಮಿ ಮುಗದ ಮ್ಯಾಲ ಕೊಟ್ಟ ಬಿಡತೇನಿ ಅಕ್ಕಾ," ಎಂದಳು ನೀಲವ್ವ.

"ಪಂಚಮಿ ಬರ್ಲಿ ತಡಿ," ಎಂದೆ.

ಪಂಚಮಿಗೆ ಮಗಳು ಬಂದಳು. ಓಣಿಯ ಹೆಣ್ಣುಮಕ್ಕಳೂ ತವರಿಗೆ ಬಂದಿದ್ದರು. ಎಲ್ಲರನ್ನೂ ಕಟ್ಟಿಕೊಂಡು ದೊಡ್ಡ ದಾರಿಯಲ್ಲೇ ಹೊರಟೆ. ಅಂಗಡಿಯ ಒಳಗೆ ಇಕ್ಕಟ್ಟು. ಹೊರಗೆ, ಅಂಗಡಿಗೂ ಬಾರಿಗೂ ಸೇರಿ ಒಂದೇ ಉದ್ದನೆಯ ಕಟ್ಟೆ. ಅದರ ಮೇಲೆ ಚಾಪೆ ಹಾಸಿಸಿ ಕೂತೆವು. ಬಾರಿನ ಒಳಗಿನಿಂದ ಖಾರ ಶೇಂಗಾದ ವಾಸನೆ ಬರುತ್ತಿತ್ತು. ನಮ್ಮಲ್ಲೊಂದು ಪದ್ಧತಿ ಇದೆ. ಮೊದಲ ಬಳೆ ಏರಿತೆಂದರೆ ಎರಡೂ ಕೈ ತುಂಬುವವರೆಗೆ ಏಳಬಾರದು, ಯಾರೂ ಎಬ್ಬಿಸಲೂಬಾರದು. ಎಬ್ಬಿಸಿದವನ ಮನೆಗೆ ಕೇಡು. ನನ್ನದೋ ರೊಟ್ಟಿ ಬಡಿದು ಸೆಟೆದ ಕೈ. ಒಂದು ಬಳೆ ಏರಿಸಬೇಕಾದರೆ ನೀಲವ್ವ ಬೆವರಬೇಕು. ಅಂದು ಆ ಕೈ ಕೆಲಸಕ್ಕೆ ಬಂತು.

ಮಾಲಕ ಓಡಿ ಬಂದ. "ಯಕ್ಕಾ, ಎದ್ದು ಒಳಗ ಹೋಗ್ರಿ. ನಮ್ಮ ಗಿರಾಕಿ ಬರೋ ಹೊತ್ತಾತು."

"ಎಬ್ಬಸ್ತಿ ಏನೋ ತಮ್ಮಾ? ಎಡಗೈಗೆ ಆಗಲೇ ಏರ್ಯಾವು. ಮೊದಲ ನಿಮ್ಮವ್ವನ್ನ ಕೇಳ್ಕೊಂಡ ಬಾ."

ಅವ್ವನ ಮಾತು ಬಂದದ್ದೇ ತಡ, ಅವನು ಬಾರಿನ ಒಳಗೆ ಸರಿದ. ಗಿರಾಕಿಗಳು ಬಂದರು. ಒಬ್ಬನಿಗೆ ಕಟ್ಟೆಯ ಮೇಲೆ ಅತ್ತಿಗೆ ಕಂಡಳು, ಇನ್ನೊಬ್ಬನಿಗೆ ಚಿಗವ್ವ, ಮತ್ತೊಬ್ಬನಿಗೆ ತಂಗಿಯ ಅತ್ತೆ. ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಬಂದ ದಾರಿ ಹಿಡಿದರು. ಎಲ್ಲರ ಹಿಂದೆ ಬಂದವರು ಯಾರೆಂದಿರಿ? ನಮ್ಮ ಯಜಮಾನರು.

"ನಾ... ಗಿರಣಿಗೆ ಬಂದಿದ್ದೆ," ಎಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಬಂದದ್ದ ಚೊಲೋ ಆತು. ಬಲಗೈಗೆ ಯಾವ ಬಣ್ಣ ಇಡಸ್ಲಿ, ಹೇಳ್ರಿ."

ಕಟ್ಟೆಗೆ ಕಟ್ಟೆಯೇ ನಕ್ಕಿತು. "ಹಸರ," ಎಂದರು ಪಾಪ, ಕಿವಿ ಕೆಂಪಗೆ ಮಾಡಿಕೊಂಡು.

ನೀಲವ್ವ ಅಂಗಡಿ ಕೊಡಲಿಲ್ಲ. ಮುಂದಿನ ಸಂತೆಗೆ ನಮ್ಮತ್ತೆಯೇ ಬಾರಿನ ಮುಂದೆ ಹಾಯ್ದು ಹೋಗಿ ಖಣ ತಂದರು. ಸಂದಿಯಲ್ಲಿ ಕೆಸರು ಬಹಳ ಎಂದು ಕಾರಣ ಕೊಟ್ಟರು. ನಾನು ಹೂಂ ಎಂದೆ.

ಈಗ ಸೊಸೆ ನನಗೆ ಇನ್ನೊಂದು ಸಂದಿ ತೋರಿಸುತ್ತಿದ್ದಳು. ಶೇಂಗಾ ಅಗಿಯಲು ನನಗೆ ಹಲ್ಲಿಲ್ಲ, ವಾಸನೆಯೇ ಸಾಕಾಯಿತು. ಮರುದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತೆ.

"ಅತ್ತಿ, ಮಂದಿ ಏನಂದಾರ್ರಿ?" ಎಂದಳು ಸೊಸೆ.

"ಬಾರ್ ಮುಂದ ಕುಂತಾಗನೂ ಅಂದಿದ್ರು. ನಡಿ."

ಕಟ್ಟೆಯ ಮೇಲೆ ಕೂತು ಕೈ ಚಾಚಿದೆ. ನೀಲವ್ವನ ಕೂದಲೂ ನೆರೆತಿದೆ. ನನ್ನ ಬರಿಗೈ ನೋಡಿದಳು, ಮುಖ ನೋಡಿದಳು.

"ಯಾವ ಬಣ್ಣ ಅಕ್ಕಾ?"

"ಅವರು ಅವತ್ತ ಹೇಳ್ಯಾರಲ್ಲ. ಹಸರ."

ಬಾರಿನ ಬಾಗಿಲಲ್ಲಿದ್ದವರು ನೋಡಿದರು. ಖಣದ ಅಂಗಡಿಯ ಮುಂದಿನ ಹೆಂಗಸರು ಇನ್ನೂ ಹೆಚ್ಚು ನೋಡಿದರು. ನೀಲವ್ವ ನನ್ನ ಬೆರಳು ಮಡಿಚಿ ಒತ್ತಿದಳು. ಮೊದಲ ಬಳೆ ಏರಿತು. ಇನ್ನು ಎರಡೂ ಕೈ ತುಂಬುವವರೆಗೆ ನನ್ನನ್ನು ಯಾರೂ ಎಬ್ಬಿಸುವಂತಿಲ್ಲ. ನನ್ನ ಕೈಯಂತೂ ಇನ್ನೂ ಸೆಟೆದೇ ಇದೆ.