ಅಣ್ಣನ ಪಾಲಿನ ಬೆಣೆ

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಒಗ್ಗರಣೆ ಎಂಬುದು ಮುನವಳ್ಳಿಗೆಲ್ಲ ಗೊತ್ತು. ಯಾರಾದರೂ ದೆವ್ವದ ಕಥೆ ಹೇಳಿದರೆ ಅದಕ್ಕಿಂತ ದೊಡ್ಡ ದೆವ್ವ ಹುಟ್ಟಿಸಿ ಅವರನ್ನೇ ಹೆದರಿಸುತ್ತಿದ್ದೆ, ಒಂದನ್ನೂ ನಂಬಿದವನಲ್ಲ. ಇದರಲ್ಲೂ ಒಗ್ಗರಣೆ ಇದೆ, ಬೆಣೆಯ ವಿಷಯವೊಂದನ್ನು ಬಿಟ್ಟು.

ನನ್ನ ಅಜ್ಜ, ನಾವು ದಾದಾ ಅನ್ನುತ್ತಿದ್ದೆವು, ಬಡಿಗರು. ಮೂರು ವರ್ಷ ಕೂತು ಮೊಳದುದ್ದದ ಒಂದು ಹಡಗು ಮಾಡಿದ್ದರು: ಹಿಂದಿನ ರಾಜರ ಕಾಲದ, ಹಾಯಿ ಕಟ್ಟಿದ ಯುದ್ಧದ ಹಡಗು. ತೋಪುಗಳು ಎಷ್ಟು ಸಣ್ಣವೆಂದರೆ ಇರುವೆಗಳೇ ಬಂದು ಬತ್ತಿ ಹಚ್ಚಬೇಕು. ಹರೆಯದಲ್ಲಿ ದಾದಾ ಮತ್ತು ಅವರ ಅಣ್ಣ ಕೊಂಕಣದಲ್ಲಿ ದೋಣಿ ಕಟ್ಟುತ್ತಿದ್ದರಂತೆ. ಆ ಹಡಗಿನ ಅಳತೆಯನ್ನೆಲ್ಲ ಅಲ್ಲಿಯ ಮುದುಕ ಮೇಸ್ತ್ರಿಯೇ ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದನಂತೆ. ಕಟ್ಟಿದವರ ಮನೆಯ ಹಿರಿಯನೇ ಕೊನೆಯ ಬೆಣೆಯನ್ನು ಬಡಿಯಬೇಕೆಂಬುದು ಅಲ್ಲಿಯ ಪದ್ಧತಿ. ಆದರೆ ಅಣ್ಣ ಒಂದು ದಿನ ಮೀನಿನ ದೋಣಿ ಹತ್ತಿದವರು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಹಾಗಾಗಿ ನಮ್ಮ ಹಡಗಿನ ತಳದಲ್ಲಿ ಒಂದು ತೂತು ಹಾಗೇ ಉಳಿದಿತ್ತು. ಅಣ್ಣ ಬಂದಾರೆಂದು ದಾದಾ ರಾತ್ರಿ ಬಾಗಿಲ ಚಿಲಕವನ್ನೂ ಹಾಕಗೊಡುತ್ತಿರಲಿಲ್ಲ. ಊರ ನಾಯಿಗಳೆಲ್ಲ ಅಳಿಯಂದಿರ ಹಾಗೆ ಬಂದು ಹೋಗುತ್ತಿದ್ದವು.

“ದಾದಾ, ಅವರಿಗೀಗ ಎಂಬತ್ತ ದಾಟಿರತೈತಿ. ಬೆಣಿ ಬಡ್ಯಾಕ ಬರ್ತಾರೋ, ಹಲ್ಲ ಹುಡುಕಾಕ ಬರ್ತಾರೋ?” ಅಂದಿದ್ದೆ.

“ಬರ್ತಾನ. ಅವನ ಪಾಲಿನ ಕೆಲಸ ಬಾಕಿ ಐತಿ.”

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಹಡಗು ಮಾಡಿದವನು ನಾನೇ ಎಂದು ಇಡೀ ಶಾಲೆಗೆ ಹೇಳಿಯಾಗಿತ್ತು. ಅದು ತೇಲುವ ವಿಡಿಯೋ ಬೇಕಿತ್ತು. ಶುಕ್ರವಾರ ದಾದಾ ನಮಾಜಿಗೆ ಹೋದಾಗ ಅದನ್ನೆತ್ತಿಕೊಂಡು ಗೆಳೆಯ ಬಸ್ಯಾನ ಜೊತೆ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿಗೆ ಹೋದೆ. ತೂತಿಗೆ ಜಗಿದ ಬಬಲ್ ಗಮ್ ಮೆತ್ತಿದೆ. ಗಾಳಿಗೆ ಹಾಯಿ ಉಬ್ಬಿತು, ಹಡಗು ನಡುನೀರಿಗೆ ಓಡಿತು, ವಾಲಿತು, ಮುಳುಗಿತು. ಆ ವಿಡಿಯೋ ಬಸ್ಯಾನ ಮೊಬೈಲಿನಲ್ಲಿ ಇವತ್ತಿಗೂ ಇದೆ.

ಅಳುತ್ತ ಬಂದು ಹೇಳಿದೆ. ದಾದಾ ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ. ಬೆಳಿಗ್ಗೆ “ಜಾಗಾ ತೋರಸು” ಅಂದರು. ಬಸ್ಯಾನನ್ನೂ ಕರೆದುಕೊಂಡು ಮೂವರೂ ಹೋದೆವು.

ಹಡಗು ದಂಡೆಯ ಮೇಲೆ ನೆಟ್ಟಗೆ ನಿಂತಿತ್ತು. ಹಾಯಿ ಒಣಗಿತ್ತು. ತೂತಿನಲ್ಲಿ ಬಬಲ್ ಗಮ್ ಇರಲಿಲ್ಲ. ಮೈಮಟ್ಟಕ್ಕೆ ಬಡಿದ ಮರದ ಬೆಣೆ ಇತ್ತು.

“ಲೇ ಮಗನ, ಇದೂ ನಿಂದs ಕಿತಾಪತಿ ಹೌದಲ್ಲೋ?” ಅಂದ ಬಸ್ಯಾ. ಅಲ್ಲ ಎಂದು ಆಣೆ ಹಾಕಿದೆ. ನನ್ನ ಆಣೆಯನ್ನು ಯಾರು ನಂಬುತ್ತಾರೆ?

ದಾದಾ ಬೆಣೆಯ ತಲೆಯ ಮೇಲೆ ಬೆರಳಾಡಿಸಿದರು. ಉಳಿಯ ಗುರುತು ಎಡಕ್ಕೆ ಓರೆಯಾಗಿ ಹೋಗಿತ್ತು. “ಅಣ್ಣ ಎಡಚ ಇದ್ದ” ಅಂದರು. ಅದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಕೆಸರಿನಲ್ಲೇ ಕೂತುಬಿಟ್ಟರು. “ಬಂದಿದ್ದ ನೋಡು. ನನ್ನ ಮಾತಾಡ್ಸಲಾರ್ದನs ಹ್ವಾದ.”

ಆ ರಾತ್ರಿ ದಾದಾ ತಾವೇ ಎದ್ದು ಹೋಗಿ ಚಿಲಕ ಹಾಕಿದರು.

ಅವರು ತೀರಿಕೊಂಡು ವರ್ಷವಾಯಿತು. ಬೆಣೆ ಬಡಿದವನು ನಾನೇ ಎಂದು ಎಲ್ಲರೂ ನಂಬಿದ್ದಾರೆ. ನಾನೇ ಮಾಡಿದೆ ಎಂದು ನಾನು ಹೇಳಿಕೊಳ್ಳದೆ ಇದ್ದದ್ದು ಅದೊಂದನ್ನೇ. ಯಾರು ಬಡಿದರೋ ನನಗೆ ಇನ್ನೂ ತಿಳಿದಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಎದ್ದು ಹೋಗಿ ಚಿಲಕ ತೆಗೆದು ಬರುತ್ತೇನೆ.